ಹಗೇವಿನ ಬಾಯಿಯೂ ಅಪ್ಪನ ಭುಜಗಳೂ

ಅಪ್ಪನ ಎರಡೂ ಭುಜಗಳ ಮೇಲೆ ಅಂಗೈಯಗಲದ ಗಾಯದ ಕಲೆಗಳಿದ್ದವು. ಬೆಳಿಗ್ಗೆ ಸ್ನಾನ ಮುಗಿಸಿ, ಬರಿಮೈಯಲ್ಲಿ ಲಿಂಗಪೂಜೆಗೆ ಕೂತಾಗ ಅವು ಎದ್ದು ಕಾಣುತ್ತಿದ್ದವು. ಕಲೆ ಇದ್ದಲ್ಲಿ ಚರ್ಮ ನುಣ್ಣಗಾಗಿ ವಿಭೂತಿ ಹತ್ತುತ್ತಿರಲಿಲ್ಲ. ಮೂರು ಬೆರಳಿನ ಬಿಳಿ ಗೆರೆ ಅಲ್ಲಿಯವರೆಗೆ ಬಂದು, ತುಂಡಾಗಿ, ಆಚೆ ಮತ್ತೆ ಶುರುವಾಗುತ್ತಿತ್ತು. ಮನೆಗೆ ಬಂದ ಬೀಗರು ಯಾರಾದರೂ "ಇದೇನ್ರೀ ಸಾಹೇಬ್ರ, ವಯಸ್ಸಿನಾಗ ಗರಡಿಮನ್ಯಾಗ ಆಗಿದ್ದೇನು?" ಎಂದು ಕೇಳಿದರೆ ಅಪ್ಪ ನನ್ನ ಕಡೆ ಓರೆಗಣ್ಣಿನಿಂದ ನೋಡಿ, "ಹೌದ್ರಿ, ಭೂಮಿತಾಯಿ ಜೋಡಿ ಕುಸ್ತಿ ಹಿಡದಿದ್ದೆ" ಎನ್ನುತ್ತಿದ್ದ. ಗೆದ್ದವರು ಯಾರು ಅಂತ ಮಾತ್ರ ಹೇಳುತ್ತಿರಲಿಲ್ಲ. ನಾನು ಹೇಳುತ್ತೇನೆ. ಗೆದ್ದದ್ದು ನಮ್ಮಪ್ಪ. ಅದಕ್ಕೆ ಸಾಕ್ಷಿ ನಾನೇ. ಇವತ್ತಿಗೂ ಗಟ್ಟಿಮುಟ್ಟಾಗಿ ಉಸಿರಾಡುತ್ತ ಇದನ್ನು ಬರೆಯುತ್ತಿದ್ದೇನೆ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿ ಬಿಟ್ಟು ಒಳಗೆ ಹೊರಳಿದರೆ ನಮ್ಮ ಊರು, ಊರ ನಡುವೆ ನಮ್ಮ ವಾಡೆ. ನಮ್ಮ ಹಿರಿಯರ ದೇಸಗತಿಯ ಆಡಳಿತ ಹೋಗಿ ತಲೆಮಾರು ಕಳೆದಿತ್ತು. ಹೊಲಗಳು ಉಳುವವರ ಪಾಲಾಗಿದ್ದವು, ಅದಕ್ಕೆ ಅಪ್ಪ ಒಂದು ದಿನವೂ ಮರುಗಿದ್ದನ್ನು ನಾನು ಕಾಣೆ. ಉಳಿದದ್ದೆಂದರೆ ಆ ದೊಡ್ಡ ಮನೆ, ಹೊಟ್ಟೆಬಟ್ಟೆಗೆ ಸಾಕಾಗುವಷ್ಟು ಎರೆಹೊಲ, ಊರವರ ಬಾಯಲ್ಲಿ 'ಸಾಹೇಬ್ರು' ಎಂಬ ಹೆಸರು. ಹೆಸರಿಗೆ ತಕ್ಕ ಆಳು ಅಪ್ಪ. ವಾಡೆಯ ಒಳಬಾಗಿಲುಗಳನ್ನು ಅಡ್ಡಡ್ಡ ತಿರುಗಿ ದಾಟಬೇಕು, ಅಷ್ಟು ಅಗಲ ಭುಜ. ಇಳಕಲ್ಲಿನಲ್ಲಿ ಅವನ ಅಂಗಿ ಹೊಲಿಯುತ್ತಿದ್ದ ಸಿಂಪಿಗ ಅಳತೆ ತೆಗೆಯುವಾಗೆಲ್ಲ, "ಸಾಹೇಬ್ರ, ನಿಮ್ಮ ಒಂದ ಅಂಗಿ ಅರಬ್ಯಾಗ ನನ್ನ ಇಬ್ಬರ ಹುಡುಗರ ದೀಪಾವಳಿ ಮುಗೀತೈತಿ" ಎಂದು ಗೊಣಗುತ್ತಿದ್ದ. ಅಪ್ಪ ನಕ್ಕು, ಆ ಹುಡುಗರಿಗೂ ಅರಿವೆ ಹರಿಸಿ ಬರುತ್ತಿದ್ದ.

ವಾಡೆಯ ದೊಡ್ಡ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಯೇ ಇಲ್ಲ. ಎಮ್ಮೆ, ನಾಯಿ, ಬಳೆಗಾರ, ನೆರಳಿಗೆ ಬಂದ ದಾರಿಹೋಕ, ಯಾರು ಬೇಕಾದರೂ ಒಳಗೆ ಬರಬಹುದಿತ್ತು. "ಇದೇನು ಮನಿ ಐತ್ಯೋ ಇಳಕಲ್ ಬಸ್‌ಸ್ಟ್ಯಾಂಡ್ ಐತ್ಯೋ?" ಎಂದು ಅವ್ವ ರೇಗುತ್ತಿದ್ದಳು. ಅಪ್ಪನ ಉತ್ತರ ತಯಾರಿರುತ್ತಿತ್ತು: "ಬಾಗಲಾ ಇರೂದ ತಗ್ಯಾಕ. ಮುಚ್ಚೂದಿದ್ರ ನಮ್ಮ ಹಿರ್‍ಯಾರು ಗ್ವಾಡೀನ ಕಟ್ಟಸ್ತಿದ್ರು."

ಬಾಗಿಲ ಎದುರಿನ ಓಣಿ ನೇಕಾರರದು. ಬೆಳಿಗ್ಗೆ ಅವರು ಸೀರೆಯ ಹಾಸುನೂಲನ್ನು ಓಣಿಯುದ್ದಕ್ಕೂ ಕಟ್ಟಿ ಗಂಜಿ ಹಚ್ಚುತ್ತಿದ್ದರು. ಆ ಹೊತ್ತಿಗೆ ಅಪ್ಪನ ಕಾರು ಬಂದರೆ ಓಣಿಯ ತುದಿಯಲ್ಲೇ ನಿಲ್ಲಬೇಕು. ಅಪ್ಪ ಇಳಿದು, ಧೋತರದ ಚುಂಗು ಎತ್ತಿ ಹಿಡಿದು, ನೂಲಿಗೆ ತಾಗದಂತೆ ಗೋಡೆಗೆ ಒತ್ತಿಕೊಂಡು ಮನೆಗೆ ಬರುತ್ತಿದ್ದ. ಅಷ್ಟು ದೊಡ್ಡ ಮೈಯನ್ನು ಅಷ್ಟು ಸಣ್ಣದು ಮಾಡಿಕೊಂಡು ಬರುವುದನ್ನು ನೋಡಲು ಹೆಂಗಸರು ಕಿಟಕಿಗೆ ಬರುತ್ತಿದ್ದರು.

ಇಂಥ ಅಪ್ಪನಿಗೆ ಒಂದು ದೊಡ್ಡ ನಂಬಿಕೆಯಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಎಲ್ಲರೂ ಹೇಳುತ್ತಾರೆ. ಎರಡು ಬಗೆಯಲು ಮನುಷ್ಯನಿಗೆ ಸಾಧ್ಯವೇ ಇಲ್ಲ ಎಂದು ಅಪ್ಪ ತಿಳಿದಿದ್ದ. ನೀರು ಇಳಿಜಾರಿಗೆ ಹರಿಯುವಷ್ಟೇ ಸಹಜ ಅದು ಅವನ ಪಾಲಿಗೆ.

ಈ ನಂಬಿಕೆಯ ದಾರಿ ಹಿಡಿದೇ ಆ ಮನುಷ್ಯ ಬಂದ. ನಾನು ಆಗಷ್ಟೇ ಬಾಗಲಕೋಟೆಯಲ್ಲಿ ಓದು ಮುಗಿಸಿ ಮನೆಗೆ ಬಂದಿದ್ದೆ. ಒಂದು ಮಧ್ಯಾಹ್ನ ಬಿಳಿ ಅಂಗಿಯವನೊಬ್ಬ ಬಾಗಿಲಲ್ಲಿ ನಿಂತು, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ನಮ್ಮ ಮುತ್ತ್ಯಾ ಈ ವಾಡೇದಾಗ ಕುದರಿ ನೋಡ್ಕೊಂಡಿದ್ನಂತ್ರಿ ಸಾಹೇಬ್ರ. ನಿಮ್ಮ ಮನಿ ಉಪ್ಪ ಉಂಡ ಬೆಳದ ಮನಿತನ ನಮ್ಮದು" ಎಂದ.

ಅಪ್ಪನ ಕಣ್ಣು ತುಂಬಿಬಂದವು. ಕೈಹಿಡಿದು ಕರೆತಂದು ತೂಗುಮಂಚದ ಮೇಲೆ ತನ್ನ ಪಕ್ಕದಲ್ಲೇ ಕೂಡಿಸಿಕೊಂಡ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, "ನಮ್ಮ ಮನ್ಯಾಗ ಕುದರಿ ಯಾವಾಗಿದ್ದುವು? ಎತ್ತಿದ್ದುವು, ಎಮ್ಮಿ ಇದ್ದುವು. ಕುದರಿ ಅಂತ ಕುದರಿ!" ಎಂದಳು. ಅಪ್ಪ ಅಲ್ಲಿಂದಲೇ ದನಿ ತಗ್ಗಿಸಿ, "ಮುತ್ತಾತನ ಕಾಲಕ್ಕ ಇದ್ದಿರಬೇಕ ಸುಮ್ನಿರ" ಎಂದ.

ಆತನಿಗೊಂದು ಯೋಜನೆಯಿತ್ತು. ಬಾದಾಮಿ, ಐಹೊಳೆ ನೋಡಲು ಬರುವ ಪ್ರವಾಸಿಗರು ಲಾಡ್ಜುಗಳಲ್ಲಿ ಬಿದ್ದುಕೊಳ್ಳುತ್ತಾರೆ. ಅವರನ್ನು ವಾಡೆಗೆ ಕರೆತಂದರೆ ಮನೆತನದ ಗೌರವದಲ್ಲಿ ಉಂಡು ಮಲಗಿ ಹೋಗುತ್ತಾರೆ ಎಂದ. ಲಾಭದ ಮಾತು ಅಪ್ಪನ ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಪಡಸಾಲೆಯಲ್ಲಿ ಮತ್ತೆ ಪಂಕ್ತಿ ಕೂಡುತ್ತದೆ ಎಂಬ ಒಂದೇ ಮಾತಿಗೆ ಅವನು ಮರುಳಾದ. ಅವ್ವನ ಸೊಂಟದಲ್ಲಿದ್ದ ಕೀಲಿಗೊಂಚಲು ಆತನ ಕಿಸೆಗೆ ಹೋಯಿತು. ತನಗೆ ತಾನೇ ಮ್ಯಾನೇಜರ್ ಎಂದು ಹೆಸರಿಟ್ಟುಕೊಂಡು, ಆ ಹಂಗಾಮು ಪೂರ್ತಿ ಅವ್ವನ ಕೈಯ ಬಿಸಿರೊಟ್ಟಿ ತಿಂದ. ಅಷ್ಟರಲ್ಲೇ ವಾಡೆಯ ಫೋಟೋ ತೋರಿಸಿ ಕಂಡಕಂಡವರಿಂದ ಮುಂಗಡ ಎತ್ತಿದ್ದ ಎಂಬುದು ನಮಗೆ ತಿಳಿದದ್ದು ಆಮೇಲೆ.

ಅವನ ಕಣ್ಣು ಬಿದ್ದದ್ದು ಹಿತ್ತಿಲಿನ ಹಗೇವಿನ ಮೇಲೆ. ಹಗೇವೆಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಆದರೆ ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟಿರುತ್ತದೆ. ಆ ಗಾಳಿಗೆ ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಅದಕ್ಕೇ ನಮ್ಮ ಕಡೆ ಹಗೇವು ತೆಗೆದರೆ ಬಾಯಿ ಬಿಚ್ಚಿಟ್ಟು ಗಾಳಿಯಾಡಲು ಬಿಡುತ್ತಾರೆ, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ದೀಪ ಉರಿದರೆ ಇಳಿಯಬೇಕು, ಆರಿದರೆ ನಿಲ್ಲಬೇಕು. ನಮ್ಮ ಹಗೇವು ನಾನು ಹುಟ್ಟುವ ಮೊದಲೇ ಮುಚ್ಚಿದ್ದು, ಅಡಿಯಲ್ಲಿ ಹಳೆಯ ಜೋಳ ಕೊಳೆತಿತ್ತು. ಅದಕ್ಕೆ ದೀಪ ಹಾಕಿ, ಮೆಟ್ಟಿಲು ಮಾಡಿ ಪ್ರವಾಸಿಗರಿಗೆ ತೋರಿಸುವುದು ಮ್ಯಾನೇಜರನ ಹಂಚಿಕೆ.

ಒಂದು ದಿನ ನಾವೆಲ್ಲ ಬಾದಾಮಿಗೆ ಮದುವೆಗೆ ಹೋಗಿದ್ದೆವು. ಮರುದಿನ ಬೆಳಿಗ್ಗೆ ಹಗೇವಿನ ಕಲ್ಲು ಸರಿಸಿ, ನಿಚ್ಚಣಿಕೆ ಇಳಿಬಿಟ್ಟು ಆತ ನಮ್ಮನ್ನು ಕರೆದ. ಅಪ್ಪ ವಾಡಿಕೆಯಂತೆ ಕಂದೀಲು ಹಚ್ಚಿಕೊಂಡೇ ಬಂದ. ಅದನ್ನು ನೋಡಿ ಆತನ ಮುಖ ಸಣ್ಣದಾಯಿತು.

"ನಿನ್ನೇನ ತಗಸಿ, ದಿನಾಪೂರ್ತಿ ಫ್ಯಾನ್ ಹಚ್ಚಿ ಗಾಳಿ ಹೊಡಸೇನ್ರಿ ಸಾಹೇಬ್ರ. ಎಂಜಿನಿಯರ್ ಸೈತ ಇಳದ ನೋಡಿ ಹೋಗ್ಯಾರ. ಮತ್ತೂ ಕಂದೀಲ ತಂದ್ರೆಲ್ಲಾ! ಇಷ್ಟ ಉಪ್ಪ ಉಂಡ ಮ್ಯಾಲೂ ನನ್ನ ಮ್ಯಾಲ ನಂಬಿಗಿ ಇಲ್ಲೇನ್ರಿ?"

"ಛೇ ಛೇ, ಹಂಗಲ್ಲಪಾ" ಎಂದು ಅಪ್ಪ ಕಂದೀಲನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟ.

ಇದೇ ಆ ತಪ್ಪು. ಅಪ್ಪ ಮರೆತಿರಲಿಲ್ಲ, ಕಂದೀಲು ಕೈಯಲ್ಲೇ ಇತ್ತು. ಆದರೆ ಮಾತು ಕೊಟ್ಟವನ ಎದುರಿಗೇ ಪರೀಕ್ಷೆ ಮಾಡುವುದೆಂದರೆ ಅವನ ಮುಖಕ್ಕೆ ಉಗುಳಿದ ಹಾಗೆ ಎಂದು ಅವನಿಗೆ ಹುಟ್ಟಿನಿಂದ ಕಲಿಸಿದ್ದರು. ಬೇರೆ ಯಾವ ಮನೆಯಲ್ಲಾದರೂ ಆ ದೀಪ ಕೆಳಗೆ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಮರ್ಯಾದೆ ಅಡ್ಡ ಬಂತು.

ಫೋಟೋ ತೆಗೆಯಲೆಂದು ನಾನು ಇಳಿದೆ. ಬಾಯಿ ಕಿರಿದು, ಮನೆಯಲ್ಲಿ ಸಪೂರ ಇದ್ದವಳು ನಾನು. ಹುಳಿ ಹಿಡಿದ ಜೋಳದ ವಾಸನೆ ಮೂಗಿಗೆ ಅಡರಿತು. ಕಾಲು ನನ್ನವಲ್ಲ ಅನ್ನಿಸಿತು. ಮೇಲೆ ನೋಡಿದೆ, ಹಗೇವಿನ ಬಾಯಿ ಒಂದು ರೊಟ್ಟಿಯಷ್ಟು ಬೆಳ್ಳಗೆ ಕಂಡಿತು. ನನಗೆ ನೆನಪಿರುವುದು ಅಷ್ಟೇ.

ಉಳಿದದ್ದನ್ನು ಅವ್ವ, ತಮ್ಮ, ಓಣಿಯವರು ಹೇಳಿದ್ದಾರೆ, ಸಾಲದ್ದಕ್ಕೆ ನಾನು ಮತ್ತೆ ಮತ್ತೆ ಹೇಳಿಸಿಕೊಂಡು ಕೇಳಿದ್ದೇನೆ. ನಿಚ್ಚಣಿಕೆಯಿಂದ ಜಾರಿ ನಾನು ಬಾಯಿಯ ನೇರ ಕೆಳಗಿದ್ದ ಮಣ್ಣಿನ ದಿಬ್ಬದ ಮೇಲೆ ಬಿದ್ದೆನಂತೆ. ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರ ನೋಡಿಕೊಳ್ಳುವ ನನ್ನ ತಮ್ಮ ಆ ದಿನ ಮನೆಯಲ್ಲೇ ಇದ್ದ. "ಅಕ್ಕಾ!" ಎಂದು ಚೀರಿ ನಿಚ್ಚಣಿಕೆಗೆ ಕಾಲಿಟ್ಟ. ಅಪ್ಪ ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದು, ಕೆನ್ನೆಗೆ ಬಾರಿಸಿದ. ಅಪ್ಪ ಮಕ್ಕಳ ಮೇಲೆ ಕೈಮಾಡಿದ್ದು ಅದೊಂದೇ ಸಲ.

"ನಿಂದ್ರಲೇ! ಇಳದಿ ಅಂದ್ರ ನೀನೂ ಏಳಂಗಿಲ್ಲ."

"ಮಗಳು ಹೊಂಟ್ಲಲ್ರೀ! ಕಲ್ಲೇನ್ರೀ ನೀವು?" ಎಂದು ಅವ್ವ ಎದೆ ಬಡಿದುಕೊಂಡಳು.

"ಅಳಬ್ಯಾಡ, ಓಣಿ ಮಂದೀನ ಕರಿ. ನೀರ ತರ್ರಿ. ಬೇವಿನ ಟೊಂಗಿ ಕಡೀರಿ!" ಅಪ್ಪನ ದನಿ ನಡುಗಿರಲಿಲ್ಲವಂತೆ. ಆ ಹೊತ್ತಿನ ಅಪ್ಪನನ್ನು ಊಹಿಸಿಕೊಳ್ಳಿ. ಮಗಳು ಕೆಳಗೆ ಬಿದ್ದಿದ್ದಾಳೆ, ಮಗನನ್ನು ಒಂದು ಕೈಯಲ್ಲಿ ಅದುಮಿ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಹಗ್ಗಕ್ಕೆ ಬೇವಿನ ಟೊಂಗೆ ಕಟ್ಟುತ್ತಿದ್ದಾನೆ.

ದೊಡ್ಡ ಬಾಗಿಲು ಎಂದಿನಂತೆ ಹಾರು ಹೊಡೆದಿತ್ತು. ಗಂಜಿ ಹಚ್ಚುತ್ತಿದ್ದ ನೇಕಾರರು ಕುಂಚಗಳನ್ನು ಅಲ್ಲೇ ಎಸೆದು, ಜೀವಮಾನದಲ್ಲಿ ಮೊದಲ ಸಲ ತಮ್ಮ ನೂಲನ್ನು ತಾವೇ ತುಳಿದುಕೊಂಡು ಓಡಿಬಂದರು. ಹೆಂಗಸರು ಕೊಡಗಟ್ಟಲೆ ನೀರು ತಂದು ಕೆಟ್ಟ ಗಾಳಿ ಅಡಗಲೆಂದು ಹಗೇವಿನ ಅಂಚಿನಿಂದ ಒಳಗೆ ಚಿಮುಕಿಸಿದರು. ಗಂಡಸರು ಬೇವಿನ ಟೊಂಗೆಯನ್ನು ಇಳಿಸಿ ಎತ್ತಿ, ಇಳಿಸಿ ಎತ್ತಿ, ಮಜ್ಜಿಗೆ ಕಡೆದಂತೆ ಒಳಗಿನ ಗಾಳಿಯನ್ನು ಕಡೆದರು. ಕಂಬಳಿ ಬೀಸಿದರು. ಅಪ್ಪ ಕಂದೀಲು ಇಳಿಸಿದ. ಆರಿತು. ಮತ್ತೆ ಕಡೆದರು. ಮತ್ತೆ ಇಳಿಸಿದ. ದೀಪ ತಡವರಿಸಿತು, ಕುಗ್ಗಿತು, ಆರದೆ ನಿಂತಿತು.

ತಮ್ಮ ತನ್ನ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ. ಅಪ್ಪ ಕಸಿದುಕೊಂಡ.

"ಅಪ್ಪಾ, ನೀವು ಹಿಡಿಯಂಗಿಲ್ಲ ಅದರಾಗ!"

"ಅವನ ಮಾತ ನಂಬಿದಾಂವ ನಾನು. ಇಳಿಯಾಂವನೂ ನಾನ."

ಅಂಗಿ ಕಳಚಿ ಎಸೆದ. ಎದೆಯವರೆಗೆ ಇಳಿದ, ಭುಜ ಸಿಕ್ಕಿಕೊಂಡಿತು. ಒಂದು ಕೈ ಮೇಲೆತ್ತಿ, ಮೈ ತಿರುಚಿ, ಕಲ್ಲಿನ ಅಂಚಿಗೆ ತೊಗಲು ಬಿಟ್ಟುಕೊಟ್ಟು ಒಳಗೆ ಹೋದ. ಕಲ್ಲಿನ ಮೇಲೆ ರಕ್ತ ಉಳಿಯಿತು. ಉಸಿರು ಬಿಗಿಹಿಡಿದು ನನ್ನ ಕಂಕುಳಿಗೆ ಹಗ್ಗ ಬಿಗಿದು ಜಗ್ಗಿದ, ಮೇಲಿನವರು ನನ್ನನ್ನು ಎಳೆದುಕೊಂಡರು. ಆಮೇಲೆ ಅವನ ಸರದಿ. ಮತ್ತೆ ಅದೇ ಬಾಯಿ, ಮತ್ತೆ ಅದೇ ಭುಜ. ಓಣಿಗೆ ಓಣಿಯೇ ಹಗ್ಗ ಹಿಡಿದು ಎಳೆದಾಗ ಉಳಿದ ತೊಗಲೂ ಹೋಯಿತು.

ನನಗೆ ಎಚ್ಚರವಾದದ್ದು ಇಳಕಲ್ಲಿನ ದವಾಖಾನೆಯಲ್ಲಿ. ಭುಜಕ್ಕೆಲ್ಲ ಬಿಳಿ ಪಟ್ಟಿ ಸುತ್ತಿಸಿಕೊಂಡು ಅಪ್ಪ ಮಂಚದ ಪಕ್ಕ ಕೂತಿದ್ದ. ನಾನು ಮಾತಾಡಲು ಬಾಯಿ ತೆರೆದೆ.

"ಯವ್ವಾ, ಉಸರ ಆಡಸು. ಮತ್ತೇನೂ ಮಾಡಬ್ಯಾಡ" ಎಂದ. ಅಷ್ಟು ಹೊತ್ತು ನಡುಗದ ದನಿ ಆಗ ಒಡೆಯಿತು. ದೊಡ್ಡ ಮನುಷ್ಯ, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಮ್ಯಾನೇಜರ್ ಆ ಗದ್ದಲದಲ್ಲೇ ಪರಾರಿಯಾಗಿದ್ದ. ಫ್ಯಾನೂ ಇಲ್ಲ, ಎಂಜಿನಿಯರೂ ಇಲ್ಲ. ಹಿಂದಿನ ದಿನ ಕಲ್ಲು ಸರಿಸಿ ಫೋಟೋ ತೆಗೆದು ಮತ್ತೆ ಮುಚ್ಚಿದ್ದನಷ್ಟೇ ಎಂದು ಅವನು ಕರೆತಂದಿದ್ದ ಕೂಲಿಯವನು ಹೇಳಿದ. ಕೀಲಿಗೊಂಚಲು ಅವನ ಜೊತೆಗೇ ಹೋಯಿತು. ಹೋದರೇನಂತೆ, ನಮ್ಮ ಮನೆಗೆ ಕೀಲಿ ಹಾಕಿದವರು ಯಾರು! ಅವ್ವ ಮರುದಿನ ಚಹಾದ ಬಟ್ಟಲು ಕುಕ್ಕುತ್ತ, "ಕುದರಿ ಅಂತ ಕುದರಿ!" ಎಂದಳು, ಅಲ್ಲಿಗೆ ಮುಗಿಸಿದಳು. ಪೊಲೀಸರಿಗೆ ತಮ್ಮ ದೂರು ಕೊಟ್ಟ. ಆತನ ಹೆಸರು, ಊರು ಎರಡೂ ಸುಳ್ಳೆಂದು ಗೊತ್ತಾಯಿತು.

ಓಣಿಯಲ್ಲಿ ಗಂಜಿ ಒಣಗಿ, ತುಳಿತಕ್ಕೆ ಸಿಕ್ಕು ಹಾಸು ಪೂರಾ ಕೆಟ್ಟಿತ್ತು. ಅಪ್ಪ ಹೊಸ ನೂಲು ತರಿಸಿಕೊಟ್ಟ. ಅಷ್ಟಕ್ಕೆ ಸಮಾಧಾನವಾಗದೆ, ಪಟ್ಟಿ ಸುತ್ತಿದ ಭುಜದಲ್ಲೇ ಹೋಗಿ ಎಳೆ ಬಿಡಿಸಲು ಕೂತ. "ಸಾಹೇಬ್ರ, ಕೈಮುಗೀತೇವಿ, ಮನಿಗೆ ಹೋಗ್ರಿ. ನೀವು ಬಿಡಿಸಿದ್ದನ್ನ ಬಿಡಸೂದ ಹೆಚ್ಚಾಗೇತಿ ನಮಗ" ಎಂದು ಅವರೇ ಎಬ್ಬಿಸಿ ಕಳಿಸಿದರು.

ಇನ್ನು ಮೇಲಾದರೂ ಅಪ್ಪ ಬದಲಾಗುತ್ತಾನೆ ಎಂದು ತಮ್ಮ ಎಣಿಸಿದ್ದ. ಬಾಗಿಲಿಗೆ ಕೈಯಗಲದ ಬೀಗ ತಂದ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟ.

"ಅವ ಬಂದದ್ದೂ ಇದ ಬಾಗಲದಾಗ, ಖರೆ. ಓಣಿ ಮಂದಿ ಓಡಿಬಂದದ್ದು ಯಾವ ಬಾಗಲದಾಗಪಾ? ಅವತ್ತ ಕೀಲಿ ಹಾಕಿದ್ರ ನಿಮ್ಮಕ್ಕ ಇರತಿದ್ಲೇನು?"

ತಮ್ಮ ಬೀಗವನ್ನು ಅಂಗಡಿಗೆ ಹಿಂದಿರುಗಿಸಿ ಬಂದ. ಬದಲಾದದ್ದು ಒಂದೇ. ಕಂದೀಲನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ. "ಮಂದಿ ಬ್ಯಾಸರ ಮಾಡ್ಕೊಂಡ್ರ?" ಎಂದು ನಾನು ಚುಡಾಯಿಸಿದೆ. "ನಾ ಅವರನ್ನ ಕೇಳಂಗಿಲ್ಲವಾ, ಗಾಳೀನ ಕೇಳ್ತೇನಿ. ಗಾಳಿಗೆ ಅಪಮಾನ ಆಗಂಗಿಲ್ಲ" ಎಂದ.

ಮುಂದಿನ ಬೇಸಿಗೆಯಲ್ಲಿ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. ಸೀರೆ ಗಂಟಿನವರ ನಡುವೆ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದ, ಅದೇ ಬಿಳಿ ಅಂಗಿ. ತಮ್ಮ ಓಡಿಹೋಗಿ ರಟ್ಟೆ ಹಿಡಿದ, ಜನ ಸುತ್ತಿದರು. ವಿಷಯ ತಿಳಿದವರು "ಒದೀರಿ ಅವಂಗ" ಎಂದು ತೋಳೇರಿಸಿದರು. ಅಪ್ಪ ಹೆಗಲಿನಿಂದ ಮಂದಿಯನ್ನು ಸರಿಸುತ್ತ ಬಂದು ಎದುರು ನಿಂತ.

"ಆರಾಮ ಇದ್ದೀಯೇನಪಾ ಮ್ಯಾನೇಜರ? ಅವತ್ತ ಒಂದ ಮಾತ ಕೇಳೂದ ಮರತಿದ್ದೆ. ನಿಮ್ಮ ಮುತ್ತ್ಯಾನ ಹೆಸರೇನು?"

ಆತ ನೆಲ ನೋಡಿದ. "ನಮ್ಮ ಮುತ್ತ್ಯಾ ನಿಮ್ಮೂರ ಮಾರಿ ಸೈತ ನೋಡಿಲ್ರಿ" ಎಂದ.

"ಹೌದಲ್ಲಾ? ಅವ ನಮ್ಮ ಉಪ್ಪ ಉಂಡಿಲ್ಲ. ಆದ್ರ ನೀ ಉಂಡೀಯಲ್ಲೋ! ಹಂಗಾಮ ಪೂರ್ತಿ ನಮ್ಮ ಮನ್ಯಾಕಿ ಕೈಯಾಗಿನ ರೊಟ್ಟಿ ತಿಂದಿ. ಇನ್ನ ಮುಂದ ನಿನ್ನ ಮೊಮ್ಮಗ ಯಾವದಾರ ಹೊಸ್ತಲಾ ಮುಟ್ಟಿ 'ನಮ್ಮ ಮುತ್ತ್ಯಾ ವಾಡೇದ ಉಪ್ಪ ಉಂಡಾನ' ಅಂದ್ರ ಅದಾರ ಖರೇ ಆಗತೈತಿ. ಅವ ನಮ್ಮ ಮನೀಗೇ ಬರ್ಲಿ. ಉಣ್ಣಾಕ ಹಾಕ್ತೇವಿ. ಕಂದೀಲ ಮಾತ್ರ ನಾವ ಇಳಸ್ತೇವಿ."

ಬಸ್‌ಸ್ಟ್ಯಾಂಡೇ ಗೊಳ್ಳೆಂದಿತು. ಒದೆ ತಿಂದಿದ್ದರೆ ಆತ ಸಹಿಸಿಕೊಳ್ಳುತ್ತಿದ್ದನೇನೋ, ಆ ನಗುವಿಗೆ ಅವನ ತಲೆ ಎದೆಗೆ ಇಳಿಯಿತು. ಪೊಲೀಸರು ಬಂದು ಕರೆದೊಯ್ದರು, ಅಪ್ಪ ಅಡ್ಡ ಬರಲಿಲ್ಲ. "ನಂದು ಮುಗೀತು, ಅವರದು ಅವರು ಮಾಡ್ಲಿ" ಎಂದ. ಸಂಜೆ ಮಾತ್ರ ಠಾಣೆಗೆ ಬುತ್ತಿ ಕಳಿಸುವಂತೆ ಅವ್ವನಿಗೆ ಹೇಳಿದ. ಅವ್ವ ತಕರಾರು ಮಾಡದೆ ಕಟ್ಟಿಕೊಟ್ಟದ್ದು ನೋಡಿ ನನಗೆ ಅನುಮಾನ ಬಂತು. ಬದನೆಕಾಯಿ ಪಲ್ಯಕ್ಕೆ ಮುಷ್ಟಿಗಟ್ಟಲೆ ಉಪ್ಪು ಸುರಿದಿದ್ದಳು. ಕೇಳಿದರೆ, "ಈ ಸಲ ನಮ್ಮ ಉಪ್ಪ ಮರೀಬಾರದಲ್ಲಾ!" ಎಂದಳು.

ಅಪ್ಪ ಬಯಸಿದ ಪಂಕ್ತಿ ಕಡೆಗೂ ಕೂಡಿತು. ನಾನೂ ತಮ್ಮನೂ ನಿಂತು ವಾಡೆಯನ್ನು ಸರಿಮಾಡಿದೆವು. ಹಗೇವಿನ ಬಾಯಿಯನ್ನು ಅಪ್ಪ ತಾನೇ ಎದುರು ನಿಂತು ಅಗಲ ಮಾಡಿಸಿ, ಇಳಕಲ್ಲಿನ ಕೆಂಪು ಕಲ್ಲಿನ ಮೆಟ್ಟಿಲು ಇಡಿಸಿದ. ಐಹೊಳೆ ನೋಡಿ ಬಂದ ಪ್ರವಾಸಿಗರಿಗೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಬಡಿಸಿ, ಕೈ ತೊಳೆಸಿ, ಹಗೇವು ತೋರಿಸಲು ಕರೆದೊಯ್ಯುತ್ತಿದ್ದ. ಗಾಳಿ ಎಷ್ಟೇ ಚೊಕ್ಕಟವಿದ್ದರೂ ಮೊದಲು ಕಂದೀಲು ಇಳಿಸಿಯೇ ಇಳಿಸುತ್ತಿದ್ದ. ದೀಪ ಉರಿದಾಗ ಮಕ್ಕಳು ಚಪ್ಪಾಳೆ ತಟ್ಟಿದರೆ ಅಪ್ಪ ಮೀಸೆ ತಿರುವುತ್ತಿದ್ದ.

ಹೋದ ವರ್ಷ ಬಿಳಿಜೋಳದ ರಾಶಿಯ ದಿನಗಳಲ್ಲಿ ಅಪ್ಪ ಲಿಂಗೈಕ್ಯನಾದ. ಉಂಡು, ತೂಗುಮಂಚದ ಮೇಲೆ ಕೂತು, ಬಾಗಿಲ ಕಡೆ ನೋಡುತ್ತಲೇ ಹೋದ. ಕೊನೆಯ ಸ್ನಾನ ಮಾಡಿಸಿ ವಿಭೂತಿ ಹಚ್ಚಿದ್ದು ನಾನು. ಭುಜದ ಮೇಲೆ ಬಂದಾಗ ಗೆರೆ ಎಂದಿನಂತೆ ತುಂಡಾಯಿತು. ಅದನ್ನು ತಿದ್ದುವ ಮನಸ್ಸಾಗಲಿಲ್ಲ, ಹಾಗೇ ಬಿಟ್ಟೆ. ನನ್ನ ಜೀವ ಅಲ್ಲಿ ಬರೆದಿಟ್ಟಂತೆ ಇತ್ತು.

ನಮ್ಮಲ್ಲಿ ಹೋದವರನ್ನು ಕುಣಿಯಲ್ಲಿ ಕೂತಂತೆ ಕೂಡಿಸಿ ಮಣ್ಣು ಕೊಡುತ್ತಾರೆ. ಹೊಲದಲ್ಲಿ ಕುಣಿ ತೋಡುವವರಿಗೆ ಅವ್ವ ತಾನೇ ಹೋಗಿ, "ಅಗಲ ತಗೀರಿ. ಅವರ ಭುಜಾ ದೊಡ್ಡವು. ಈ ಸಲ ಎಲ್ಲೂ ತರಚಬಾರದು" ಎಂದು ಹೇಳಿ ಬಂದಿದ್ದಳು. ಓಣಿಗೆ ಓಣಿಯೇ ಬಂದಿತ್ತು, ಅಂದು ಹಗ್ಗ ಎಳೆದ ಕೈಗಳೇ ಅಪ್ಪನನ್ನು ಹೊತ್ತು ತಂದಿದ್ದವು. ಇಳಿಸಲು ಎತ್ತಿದಾಗ ಅವ್ವ ಕೈ ಅಡ್ಡ ಹಿಡಿದಳು. ತಮ್ಮನ ಕಡೆ ನೋಡಿದಳು. ಅವನು ಮನೆಯಿಂದಲೇ ತಂದಿದ್ದ, ಯಾರೂ ಹೇಳಿರಲಿಲ್ಲ. ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ, ಮೆಲ್ಲಗೆ ಕುಣಿಯ ತಳಕ್ಕೆ ಬಿಟ್ಟ. ದೀಪ ಅಲುಗದೆ ನೆಟ್ಟಗೆ ಉರಿಯಿತು.

ಅವ್ವ ಬಗ್ಗಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗಾಳಿ ಛಲೊ ಐತಿ" ಎಂದಳು. "ಇಳಸ್ರಿ."